ಅಳತೆಯಿಂದ ಪೋಷಣೆಗೆ: ಮನಶ್ಶಾಸ್ತ್ರಜ್ಞ ಎಂ. ವಿ. ಗೋಪಾಲಸ್ವಾಮಿ

ಮೈಸೂರಿನ ಸಾಂಸ್ಕೃತಿಕ ಚರಿತ್ರೆಯಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿ (1896–1957) ಅವರ ಹೆಸರು ಸಾಮಾನ್ಯವಾಗಿ ಒಂದೇ ಕಾರಣಕ್ಕೆ ಪ್ರಸ್ತಾಪವಾಗುತ್ತದೆ. 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿ, ಅದನ್ನು ಆಕಾಶವಾಣಿ ಎಂಬ ಹೆಸರಿನಿಂದ ನಾಡಿಗೆ ಪರಿಚಯಿಸಿದವರು ಅವರು. ಈ ಸಾಧನೆಯ ಹೊಳಪು ಎಷ್ಟಿತ್ತೆಂದರೆ, ಅದರ ಹಿಂದಿದ್ದ ಮನಶ್ಶಾಸ್ತ್ರಜ್ಞ ಬಹುಮಟ್ಟಿಗೆ ಮರೆಗೆ ಸರಿದಿದ್ದಾರೆ. ಬಾನುಲಿ ಅವರ ವೃತ್ತಿಯಾಗಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿ, ಪ್ರಯೋಗಶಾಲೆಯನ್ನು ಸಜ್ಜುಗೊಳಿಸಿ, ಬುದ್ಧಿಪರೀಕ್ಷೆಗಳನ್ನು ಈ ನೆಲಕ್ಕೆ ಒಗ್ಗಿಸಲು ಶ್ರಮಿಸಿದ ಪ್ರಾಧ್ಯಾಪಕರು ಅವರು. ಮೈಸೂರಿನ ಶಿಶುವಿಹಾರದ ಪ್ರಯತ್ನದೊಂದಿಗೂ ಅವರ ಹೆಸರು ಬೆಸೆದುಕೊಂಡಿದೆ.

ಪ್ರಯೋಗಶಾಲೆ, ಶಿಶುವಿಹಾರ, ಬಾನುಲಿ ಇವು ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಚಟುವಟಿಕೆಗಳಾಗಿ ತೋರುತ್ತವೆ. ಬಹುಮುಖ ಆಸಕ್ತಿಯ ವ್ಯಕ್ತಿಯೊಬ್ಬರ ಹವ್ಯಾಸಗಳೆಂದು ಅವನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡುವುದೂ ವಾಡಿಕೆಯಾಗಿದೆ. ಆದರೆ ಅವರು ಪಳಗಿದ ಶಾಸ್ತ್ರದ ಹಿನ್ನೆಲೆಯಲ್ಲಿ ಈ ಮೂರನ್ನೂ ಒಟ್ಟಿಗೆ ಇರಿಸಿ ನೋಡಿದರೆ, ಅವುಗಳ ಅಡಿಯಲ್ಲಿ ಒಂದೇ ಪ್ರಶ್ನೆ ಹರಿಯುತ್ತಿರುವುದು ಕಾಣುತ್ತದೆ. ಮನುಷ್ಯನ ಪ್ರತಿಭೆ ಒಂದೇ ಅಳತೆಗೋಲಿಗೆ ದಕ್ಕುವಂಥದೇ, ಇಲ್ಲವೇ ತಕ್ಕ ಆವರಣ ದೊರೆತಾಗ ಹಲವು ಬಗೆಯಲ್ಲಿ ಅರಳುವಂಥದೇ ಎಂಬುದೇ ಆ ಪ್ರಶ್ನೆ. ಮಕ್ಕಳ ಶಿಕ್ಷಣದ ಮಟ್ಟಿಗೆ ಇದು ಇಂದಿಗೂ ಬಗೆಹರಿಯದ ಪ್ರಶ್ನೆಯಾದುದರಿಂದ ಗೋಪಾಲಸ್ವಾಮಿಯವರ ಬದುಕನ್ನು ಈ ದಾರಿಯಲ್ಲಿ ಮರಳಿ ಪರಿಶೀಲಿಸುವುದು ಉಚಿತ.

ಆರಂಭದಲ್ಲಿಯೇ ಒಂದು ಸ್ಪಷ್ಟನೆ ಅಗತ್ಯ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದು, 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದ ಡಾ. ಎಂ. ವಿ. ಗೋವಿಂದಸ್ವಾಮಿಯವರು ಬೇರೆ, ಮೈಸೂರಿನ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ಬೇರೆ. ಹೆಸರಿನ ಹೋಲಿಕೆಯಿಂದ ಒಬ್ಬರ ಕಾರ್ಯವನ್ನು ಇನ್ನೊಬ್ಬರಿಗೆ ಆರೋಪಿಸುವ ಸಾಧ್ಯತೆ ಇದೆ. ಗೋವಿಂದಸ್ವಾಮಿಯವರದು ಚಿಕಿತ್ಸೆಯ ಕ್ಷೇತ್ರವಾದರೆ, ಗೋಪಾಲಸ್ವಾಮಿಯವರದು ಪ್ರಯೋಗ ಮತ್ತು ಶಿಕ್ಷಣದ ಕ್ಷೇತ್ರ.

ಲಂಡನ್ನಿನ ವ್ಯಾಸಂಗ

ಉನ್ನತ ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿದ ಗೋಪಾಲಸ್ವಾಮಿಯವರು ಅಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ (1863–1945) ಅವರ ಶಿಷ್ಯರಾದರು. ಸ್ಪಿಯರ್‌ಮನ್ ಸೇನಾಧಿಕಾರಿಯಾಗಿದ್ದು, ಆ ಉದ್ಯೋಗವನ್ನು ತೊರೆದು ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಅವರ ಬಳಿ ಪ್ರಾಯೋಗಿಕ ಮನಶ್ಶಾಸ್ತ್ರವನ್ನು ಅಭ್ಯಸಿಸಿ, 1907ರಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ನೆಲೆಸಿದವರು. 1904ರಲ್ಲಿ ಅವರು ಮಂಡಿಸಿದ ವಾದ ಮುಂದಿನ ಹಲವು ದಶಕಗಳ ಬುದ್ಧಿಮಾಪನಕ್ಕೆ ತಳಹದಿಯಾಯಿತು. ಬೇರೆಬೇರೆ ವಿಷಯಗಳಲ್ಲಿ ವಿದ್ಯಾರ್ಥಿಗಳು ಗಳಿಸುವ ಅಂಕಗಳು ಪರಸ್ಪರ ಹೊಂದಿಕೊಂಡೇ ಏರಿಳಿಯುವುದನ್ನು ಗಮನಿಸಿದ ಅವರು, ಎಲ್ಲ ಬೌದ್ಧಿಕ ಕಾರ್ಯಗಳ ಹಿಂದೆಯೂ ಒಂದು ಸಾಮಾನ್ಯ ಅಂಶವಿದೆ, ಅದರ ಜೊತೆಗೆ ಆಯಾ ಕಾರ್ಯಕ್ಕೆ ಮಾತ್ರ ಸೀಮಿತವಾದ ವಿಶಿಷ್ಟ ಅಂಶವೂ ಇದೆ ಎಂದು ನಿರ್ಣಯಿಸಿದರು. ಎರಡು ಅಂಶಗಳ ಸಿದ್ಧಾಂತವೆಂದು ಪ್ರಸಿದ್ಧವಾದುದು ಇದೇ.

ಗೋಪಾಲಸ್ವಾಮಿಯವರ ಸಂಶೋಧನೆ ಈ ಸಿದ್ಧಾಂತದ ಒಂದು ಅಂಚನ್ನು ಪರೀಕ್ಷೆಗೆ ಒಡ್ಡಿತು. ಗಣಿತ, ಭಾಷೆ ಮುಂತಾದ ಓದಿನ ವಿಷಯಗಳಲ್ಲಿ ಬುದ್ಧಿಶಕ್ತಿಯ ಪಾತ್ರವನ್ನು ಒಪ್ಪುವುದು ಸುಲಭ. ಕೈಕಾಲುಗಳ ಚಲನೆಯಿಂದ ಸಾಧಿಸುವ ಕೌಶಲದಲ್ಲಿ ಬುದ್ಧಿಗೆ ಎಷ್ಟು ಪಾಲಿದೆ ಎಂಬುದು ಅಷ್ಟು ಸುಲಭವಾಗಿ ತೀರ್ಮಾನವಾಗುವ ವಿಷಯವಲ್ಲ. ಚಾಲಕ ಕಲಿಕೆಯಲ್ಲಿ ಬುದ್ಧಿಶಕ್ತಿಯ ಸ್ಥಾನವನ್ನು ಕುರಿತು 1924ರಲ್ಲಿ, ಅದೇ ಕಲಿಕೆಯಲ್ಲಿ ಶ್ರಮದ ಮಿತವ್ಯಯವನ್ನು ಕುರಿತು 1925ರಲ್ಲಿ ಅವರ ಲೇಖನಗಳು ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಪ್ರಕಟವಾದವು. ಕಲಿಯುವವನು ತಪ್ಪುತ್ತ ತಿದ್ದಿಕೊಳ್ಳುತ್ತ ಹೇಗೆ ಕೌಶಲದ ಕಡೆಗೆ ಸಾಗುತ್ತಾನೆ ಎಂಬ ಕುತೂಹಲ ಅವರ ವೃತ್ತಿಯ ಮೊದಲಲ್ಲಿಯೇ ಇತ್ತೆಂಬುದು ಈ ಶೀರ್ಷಿಕೆಗಳಿಂದಲೇ ಸ್ಪಷ್ಟವಾಗುತ್ತದೆ. ಸಿದ್ಧ ಬುದ್ಧಿಯನ್ನು ಅಳೆಯುವುದಷ್ಟೇ ಅಲ್ಲದೆ, ಕಲಿಕೆಯ ನಡೆಯನ್ನು ಗಮನಿಸುವುದೂ ಅವರ ಆಸಕ್ತಿಯಾಗಿತ್ತು.

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸಂಶೋಧನೆಯನ್ನು ಮುಗಿಸುತ್ತಿದ್ದ ಕಾಲದಲ್ಲಿಯೇ, 1923ರಲ್ಲಿ, ಸ್ಪಿಯರ್‌ಮನ್ನರ ಬುದ್ಧಿಶಕ್ತಿಯ ಸ್ವರೂಪವನ್ನು ಕುರಿತ ಗ್ರಂಥ ಹೊರಬಂದಿತು. ಜ್ಞಾನ ಹುಟ್ಟುವ ಬಗೆಯನ್ನು ಅದು ಮೂರು ನಿಯಮಗಳಲ್ಲಿ ವಿವರಿಸುತ್ತದೆ. ಅನುಭವವನ್ನು ಗ್ರಹಿಸುವುದು ಮೊದಲನೆಯದು. ಗ್ರಹಿಸಿದ ಸಂಗತಿಗಳ ನಡುವಣ ಸಂಬಂಧವನ್ನು ಕಾಣುವುದು ಎರಡನೆಯದು. ಒಂದು ವಸ್ತು ಹಾಗೂ ಒಂದು ಸಂಬಂಧ ಮನಸ್ಸಿನ ಮುಂದಿರುವಾಗ, ಆ ಸಂಬಂಧಕ್ಕೆ ತಕ್ಕ ಇನ್ನೊಂದು ವಸ್ತುವನ್ನು ಮನಸ್ಸು ತಾನೇ ಕಲ್ಪಿಸಿಕೊಳ್ಳುವುದು ಮೂರನೆಯದು. ಸೃಷ್ಟಿಕ್ರಿಯೆಗೆ ಎಡೆ ದೊರೆಯುವುದು ಈ ಮೂರನೆಯ ನಿಯಮದಲ್ಲಿ. ಇದೇ ನೆಲೆಯಿಂದ ಸ್ಪಿಯರ್‌ಮನ್ನರು 1930ರಲ್ಲಿ ಸೃಜನಶೀಲ ಮನಸ್ಸನ್ನು ಕುರಿತೇ ಪ್ರತ್ಯೇಕ ಗ್ರಂಥವೊಂದನ್ನು ರಚಿಸಿದರು. ಬುದ್ಧಿಯನ್ನು ಅಂಕಿಗಳಿಗೆ ಇಳಿಸಿದವರೆಂದು ಮಾತ್ರ ಪರಿಚಿತರಾದ ವಿದ್ವಾಂಸರ ಪಂಥದೊಳಗೇ ಸೃಜನಶೀಲತೆಯ ಚಿಂತನೆಗೂ ಬೀಜವಿತ್ತು ಎಂಬುದನ್ನು ಇಲ್ಲಿ ಮರೆಯಬಾರದು.

ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಈ ಮೂರನೆಯ ನಿಯಮ ತೀರ ಅಪರಿಚಿತವಾಗಿ ತೋರದು. ಉಪಮೇಯ ಕಣ್ಣೆದುರಿಗಿದೆ, ಸಾಧಾರಣ ಧರ್ಮ ಮನಸ್ಸಿಗೆ ಹೊಳೆದಿದೆ, ಕವಿ ಉಪಮಾನವನ್ನು ಕಂಡುಕೊಳ್ಳುತ್ತಾನೆ. ಹೊಸದನ್ನು ಕಾಣಿಸುವ ಈ ಶಕ್ತಿಯನ್ನೇ ಭಾರತೀಯ ಕಾವ್ಯಮೀಮಾಂಸೆ ಪ್ರತಿಭೆ ಎಂದು ಕರೆದು, ಅದರ ಜೊತೆಗೆ ವ್ಯುತ್ಪತ್ತಿಯನ್ನೂ ಅಭ್ಯಾಸವನ್ನೂ ಸೇರಿಸಿತು. ಈ ಎರಡು ಪರಂಪರೆಗಳು ಒಂದೇ ಎಂದು ಹೇಳುವಂತಿಲ್ಲ. ಒಂದು ರಸಾನುಭವದ ವಿವರಣೆಗೆ ಹೊರಟದ್ದು, ಇನ್ನೊಂದು ಪ್ರಯೋಗಸಿದ್ಧ ನಿಯಮಗಳ ಅನ್ವೇಷಣೆಗೆ ಹೊರಟದ್ದು. ಆದರೂ ಹುಟ್ಟಿನಿಂದ ಬಂದ ಶಕ್ತಿ ಮತ್ತು ಅಭ್ಯಾಸದಿಂದ ಬಂದ ಪಳಗುವಿಕೆ ಇವುಗಳ ಪಾಲು ಎಷ್ಟೆಷ್ಟು ಎಂಬ ಚರ್ಚೆ ಎರಡಕ್ಕೂ ಸಮಾನವಾದುದು.

ಮಹಾರಾಜ ಕಾಲೇಜಿನ ಪ್ರಯೋಗಶಾಲೆ

ಭಾರತದಲ್ಲಿ ಮನಶ್ಶಾಸ್ತ್ರದ ಮೊದಲ ವಿಭಾಗ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಆರಂಭವಾಯಿತು. ಎರಡನೆಯದು 1924ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಹುಟ್ಟಿತು. ಈ ಎರಡು ವಿಭಾಗಗಳ ನಡುವೆ ಕೊಂಡಿಯಂತಿದ್ದವರು ಸರ್ ಬ್ರಜೇಂದ್ರನಾಥ ಸೀಲ್. ಕಲ್ಕತ್ತೆಯಲ್ಲಿ ಮನಶ್ಶಾಸ್ತ್ರದ ಪಠ್ಯಕ್ರಮವನ್ನು ರೂಪಿಸಿದ್ದ ಈ ತತ್ತ್ವಶಾಸ್ತ್ರಜ್ಞರು 1921ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಶಾಂತಿನಿಕೇತನದಲ್ಲಿ ವಿಶ್ವಭಾರತಿಯ ಉದ್ಘಾಟನಾ ಸಭೆಗೆ ಅಧ್ಯಕ್ಷರಾಗಿದ್ದವರೂ ಅವರೇ. ಮಗುವಿನ ಸ್ವಾತಂತ್ರ್ಯ ಮತ್ತು ಕಲೆಗಳ ಮೇಲೆ ಶಿಕ್ಷಣವನ್ನು ಕಟ್ಟಲು ಹೊರಟ ರವೀಂದ್ರರ ಪ್ರಯೋಗಕ್ಕೂ, ಅಳತೆ ಮತ್ತು ಪ್ರಯೋಗವನ್ನು ನಂಬಿದ ಹೊಸ ಶಾಸ್ತ್ರಕ್ಕೂ ಏಕಕಾಲದಲ್ಲಿ ಬೆಂಬಲವಾಗಿ ನಿಂತ ಕುಲಪತಿಗಳು ಮೈಸೂರಿಗೆ ದೊರೆತಿದ್ದುದು ಆಕಸ್ಮಿಕವಾದರೂ ಅರ್ಥಪೂರ್ಣ.

ಅಂದಿನ ಮಹಾರಾಜ ಕಾಲೇಜಿನ ವಾತಾವರಣವನ್ನೂ ಇಲ್ಲಿ ಸ್ಮರಿಸಬೇಕು. ಎ. ಆರ್. ವಾಡಿಯಾ, ಎಂ. ಹಿರಿಯಣ್ಣ ಮೊದಲಾದವರು ದರ್ಶನಶಾಸ್ತ್ರದ ಅಧ್ಯಯನಕ್ಕೆ ಘನತೆ ತಂದಿದ್ದರು. 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಗಿ, ಕುವೆಂಪು, ಡಿ. ಎಲ್. ನರಸಿಂಹಾಚಾರ್ ಅವರು ಅದರ ಮೊದಲ ವಿದ್ಯಾರ್ಥಿಗಳಲ್ಲಿ ಸೇರಿದ್ದರು. 1929ರಲ್ಲಿ ಕುವೆಂಪು ಅದೇ ಕಾಲೇಜಿನ ಅಧ್ಯಾಪಕರಾದರು. ಹೀಗೆ ಮನಶ್ಶಾಸ್ತ್ರ ವಿಭಾಗ ಮತ್ತು ಕನ್ನಡದ ಉನ್ನತ ಅಧ್ಯಯನ ಮೂರು ವರ್ಷಗಳ ಅಂತರದಲ್ಲಿ ಒಂದೇ ಕಾಲೇಜಿನ ಆಶ್ರಯದಲ್ಲಿ ಬೇರೂರಿದವು. ತತ್ತ್ವಶಾಸ್ತ್ರದ ಒಂದು ಶಾಖೆಯೆಂದು ಪರಿಗಣಿತವಾಗಿದ್ದ ಮನಸ್ಸಿನ ಅಧ್ಯಯನವನ್ನು ಪ್ರಯೋಗಶಾಸ್ತ್ರದ ಕಡೆಗೆ ತಿರುಗಿಸುವುದು ಗೋಪಾಲಸ್ವಾಮಿಯವರ ಮುಂದಿದ್ದ ಕೆಲಸ. ಲಂಡನ್ನಿನ ಮಾಪನ ಪರಂಪರೆಯನ್ನು ಅವರು ಮೈಸೂರಿಗೆ ತಂದರು, ಪಾಶ್ಚಾತ್ಯ ಪರೀಕ್ಷೆಗಳನ್ನು ಭಾರತೀಯ ಸನ್ನಿವೇಶಕ್ಕೆ ಹೊಂದಿಸಿದರು, ಪ್ರಾಣಿಗಳ ಕಲಿಕೆಯ ಅಧ್ಯಯನಕ್ಕೂ ಪ್ರಯೋಗಾಲಯವನ್ನು ಏರ್ಪಡಿಸಿದರು. ಭಾರತೀಯ ಮನಶ್ಶಾಸ್ತ್ರದ ಚರಿತ್ರೆಯನ್ನು ಬರೆದವರು ಮೈಸೂರಿನ ಕೊಡುಗೆಯನ್ನು ಗುರುತಿಸುವುದು ಮುಖ್ಯವಾಗಿ ಈ ಮೂರು ಸಂಗತಿಗಳಿಂದ.

ಪರೀಕ್ಷೆಗಳನ್ನು ಹೊಂದಿಸುವ ಕೆಲಸ ಬರಿಯ ಅನುವಾದದಿಂದ ಆಗುವಂಥದಲ್ಲ. ಪ್ಯಾರಿಸ್ಸಿನ ಮಗುವಿಗಾಗಿ ಆಲ್ಫ್ರೆಡ್ ಬಿನೆ 1905ರಲ್ಲಿ ಸಿದ್ಧಪಡಿಸಿದ ಪ್ರಶ್ನೆಗಳಲ್ಲಿ ಆ ಊರಿನ ನಾಣ್ಯ, ಮನೆ, ಮಾತು ಎಲ್ಲವೂ ಬೆರೆತಿದ್ದವು. ಅವೇ ಪ್ರಶ್ನೆಗಳನ್ನು ಹಳೆಯ ಮೈಸೂರಿನ ಹಳ್ಳಿಯ ಮಗುವಿಗೆ ಕೇಳಿದಾಗ ಉತ್ತರ ಬಾರದಿದ್ದರೆ, ಅದು ಬುದ್ಧಿಯ ಕೊರತೆಯೋ ಪರಿಚಯದ ಕೊರತೆಯೋ ಎಂಬ ಸಂದೇಹ ಹುಟ್ಟುತ್ತದೆ. ಈ ತೊಡಕನ್ನು ಕನ್ನಡ ನಾಡಿನ ಇನ್ನೊಂದು ತುದಿಯಲ್ಲಿ ಎದುರಿಸಿದವರು ಧಾರವಾಡದ ವಿ. ವಿ. ಕಾಮತರು. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ಪರಿಷ್ಕರಿಸಿ, 1940ರಲ್ಲಿ ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಗ್ರಂಥವನ್ನು ಅವರು ಪ್ರಕಟಿಸಿದರು. ಮೈಸೂರು ಮತ್ತು ಧಾರವಾಡ ಎರಡೂ ಕಡೆ ಅಳತೆಗೋಲನ್ನು ಮಗುವಿನ ನುಡಿಗೆ ಹೊಂದಿಸಬೇಕೆಂಬ ಅರಿವು ಮೂಡಿದ್ದುದು ಕನ್ನಡ ಶಿಕ್ಷಣದ ಚರಿತ್ರೆಯಲ್ಲಿ ಗಮನಾರ್ಹ.

ಶಿಶುವಿಹಾರದ ಕಡೆಗೆ

ಒಂದೇ ಸಿದ್ಧಾಂತ ಬೇರೆಬೇರೆ ಕೈಗಳಲ್ಲಿ ಬೇರೆಬೇರೆ ಫಲವನ್ನು ಕೊಡಬಲ್ಲುದು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಪೀಠಕ್ಕೆ ಬಂದವರು ಸಿರಿಲ್ ಬರ್ಟ್. ಸಾಮಾನ್ಯ ಬುದ್ಧಿಶಕ್ತಿ ಹುಟ್ಟಿನಿಂದ ಬಂದುದು, ಅದನ್ನು ಎಳೆಯ ವಯಸ್ಸಿನಲ್ಲಿಯೇ ಅಳೆಯಬಹುದು ಎಂಬ ನಂಬಿಕೆ ಅವರ ಬರಹಗಳಿಂದ ಬಲಗೊಂಡಿತು. 1944ರ ಶಿಕ್ಷಣ ಕಾಯಿದೆಯ ತರುವಾಯ ಇಂಗ್ಲೆಂಡಿನಲ್ಲಿ ಹನ್ನೊಂದರ ವಯಸ್ಸಿನ ಪರೀಕ್ಷೆಯ ಆಧಾರದ ಮೇಲೆ ಮಕ್ಕಳನ್ನು ಬೇರೆಬೇರೆ ಶಾಲೆಗಳಿಗೆ ವಿಂಗಡಿಸುವ ಪದ್ಧತಿ ವ್ಯಾಪಕವಾಯಿತು. ಅಳತೆ ಅಲ್ಲಿ ಜರಡಿಯಾಗಿ ಪರಿಣಮಿಸಿತು.

ಅದೇ ಗುರುವಿನ ಬಳಿ ಕಲಿತ ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತೊಡಗಿದ್ದು ಶಿಶುವಿಹಾರದ ಕೆಲಸದಲ್ಲಿ. ಓದುಬರಹಕ್ಕೆ ಮುನ್ನಿನ ವಯಸ್ಸಿನ ಮಕ್ಕಳಿಗೆ ಆಟ, ಹಾಡು, ಕೈಗೆಲಸಗಳ ಮೂಲಕ ಕಲಿಕೆಯ ಆವರಣವನ್ನು ಕಲ್ಪಿಸುವುದು ಶಿಶುವಿಹಾರದ ಕಲ್ಪನೆ. ಯುರೋಪಿನಲ್ಲಿ ಫ್ರೋಬೆಲ್ ಆರಂಭಿಸಿದ ಈ ದಾರಿ ಭಾರತದಲ್ಲಿ 1920ರ ಹೊತ್ತಿಗೆ ಭಾವನಗರದ ಗಿಜುಭಾಯಿ ಬಧೇಕಾ ಅವರ ಬಾಲಮಂದಿರದಲ್ಲಿ ದೇಶೀಯ ರೂಪ ಪಡೆದಿತ್ತು. 1939ರಲ್ಲಿ ಮಾರಿಯಾ ಮಾಂಟೆಸ್ಸೊರಿ ಅವರು ಮದರಾಸಿನ ಅಡ್ಯಾರಿಗೆ ಬಂದು ಅಧ್ಯಾಪಕರಿಗೆ ತರಬೇತಿ ನೀಡತೊಡಗಿದ ಮೇಲೆ ದಕ್ಷಿಣ ಭಾರತದಲ್ಲಿ ಇದಕ್ಕೆ ಹೊಸ ಚಾಲನೆ ದೊರೆಯಿತು. ಮೈಸೂರಿನ ಪ್ರಯತ್ನವನ್ನು ಈ ದೊಡ್ಡ ಚಳವಳಿಯ ಭಾಗವಾಗಿ ಕಾಣಬೇಕು. ಕೈಯ ಕೌಶಲದಲ್ಲಿ ಬುದ್ಧಿಯ ಪಾತ್ರವನ್ನು ಶೋಧಿಸಿದ್ದ ವಿದ್ವಾಂಸರು, ಮಕ್ಕಳು ಕೈಯಿಂದಲೇ ಕಲಿಯುವ ಶಾಲೆಯ ಕಡೆಗೆ ಒಲಿದದ್ದು ಸಹಜವಾದ ಬೆಳವಣಿಗೆ.

ಇದೇ ಅವಧಿಯಲ್ಲಿ ಕನ್ನಡ ಸಾಹಿತ್ಯವೂ ಮಗುವಿನ ಕಡೆಗೆ ತಿರುಗಿತ್ತು. ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿ, ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು ಬಂದವು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿ, 1936ರಲ್ಲಿ ಮೂರು ಸಂಪುಟಗಳ ಬಾಲಪ್ರಪಂಚವನ್ನು ಹೊರತಂದರು. ಮಗು ದೊಡ್ಡವರ ಕಿರಿದಾದ ಪ್ರತಿರೂಪವಲ್ಲ, ಅದಕ್ಕೆ ತನ್ನದೇ ಆದ ಕುತೂಹಲವೂ ಕಲ್ಪನೆಯೂ ಇದೆ ಎಂಬ ತಿಳಿವಳಿಕೆ ಈ ಎಲ್ಲ ಪ್ರಯತ್ನಗಳಿಗೂ ಸಮಾನ. ಸಾಹಿತಿಗಳು ಅದನ್ನು ಅನುಭವದಿಂದ ಕಂಡರು, ಗೋಪಾಲಸ್ವಾಮಿಯವರು ಶಾಸ್ತ್ರದ ಮೂಲಕ ಅಲ್ಲಿಗೆ ಬಂದರು.

ಬಾನುಲಿ ಎಂಬ ಪ್ರಯೋಗ

ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ಅಲ್ಪಶಕ್ತಿಯ ಪ್ರೇಷಕವನ್ನು ಸ್ಥಾಪಿಸಿ 1935ರ ಸೆಪ್ಟೆಂಬರ್ 10ರಂದು ಪ್ರಸಾರವನ್ನು ಆರಂಭಿಸಿದರು. ಅಂದಿನ ದೇಶದ ಬಾನುಲಿಯ ಸ್ಥಿತಿಯನ್ನು ಗಮನಿಸಿದರೆ ಈ ಸಾಹಸದ ಪ್ರಮಾಣ ತಿಳಿಯುತ್ತದೆ. 1927ರಲ್ಲಿ ಮುಂಬಯಿಯಲ್ಲಿ ಪ್ರಸಾರವನ್ನು ಆರಂಭಿಸಿದ್ದ ಖಾಸಗಿ ಕಂಪನಿ ಮೂರೇ ವರ್ಷಗಳಲ್ಲಿ ನಷ್ಟದಿಂದ ಮುಚ್ಚಿಹೋಗಿತ್ತು. ಬ್ರಿಟಿಷ್ ಸರ್ಕಾರದ ಪ್ರಸಾರ ಸೇವೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದು 1936ರ ಜೂನ್ ತಿಂಗಳಲ್ಲಿ. ಇಂಥ ಕಾಲದಲ್ಲಿ ಪ್ರಾಧ್ಯಾಪಕರೊಬ್ಬರು ಲಾಭದ ಉದ್ದೇಶವಿಲ್ಲದೆ ಬಾನುಲಿ ಕೇಂದ್ರವನ್ನು ನಡೆಸತೊಡಗಿದರು. ಮೊದಲ ಪ್ರಸಾರದಲ್ಲಿ ಕುವೆಂಪು ಅವರ ಕಾವ್ಯವಾಚನ ಮತ್ತು ಎಚ್. ಯೋಗಾನರಸಿಂಹಂ ಅವರ ಗಾಯನ ಇದ್ದವೆಂದು ಮೈಸೂರಿನಲ್ಲಿ ಹೇಳಿಕೊಂಡು ಬರಲಾಗಿದೆ. ಕೇಂದ್ರದ ಕೆಲಸದಲ್ಲಿ ಅವರಿಗೆ ನೆರವಾದವರಲ್ಲಿ ಸಾಹಿತಿ ನಾ. ಕಸ್ತೂರಿಯವರು ಪ್ರಮುಖರು. ಆಕಾಶವಾಣಿ ಎಂಬ ಹೆಸರನ್ನು ಸೂಚಿಸಿದವರು ಕಸ್ತೂರಿಯವರೇ ಎಂಬ ಅಭಿಪ್ರಾಯವೂ ಬಳಕೆಯಲ್ಲಿದೆ. ಹೆಸರು ಯಾರಿಗೆ ಹೊಳೆದಿರಲಿ, ಅದು ಮೊದಲು ಬಾನುಲಿಗೆ ಅಂಟಿಕೊಂಡದ್ದು ಗೋಪಾಲಸ್ವಾಮಿಯವರ ಅಂಗಳದಲ್ಲಿ ಎಂಬುದರಲ್ಲಿ ವಿವಾದವಿಲ್ಲ.

ಈ ಕೇಂದ್ರವನ್ನು ಯಂತ್ರದ ಕುತೂಹಲದಿಂದ ಹುಟ್ಟಿದ ಹವ್ಯಾಸವೆಂದು ಮಾತ್ರ ಎಣಿಸಿದರೆ ಅದರ ಶೈಕ್ಷಣಿಕ ಮಹತ್ತ್ವ ಮರೆಯಾಗುತ್ತದೆ. ತರಗತಿಯ ಗೋಡೆಯಾಚೆಗೆ ವಿದ್ಯೆಯನ್ನು ಒಯ್ಯಬೇಕೆಂಬ ಹಂಬಲ ಅಂದಿನ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ದಟ್ಟವಾಗಿತ್ತು. ಅಧ್ಯಾಪಕರು ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ನೀಡುವ, ಆ ಉಪನ್ಯಾಸಗಳನ್ನು ಕಿರುಹೊತ್ತಗೆಗಳಾಗಿ ಅಚ್ಚುಮಾಡಿಸುವ ಯೋಜನೆ ಅದರ ಫಲ. ಬಾನುಲಿ ಆ ಹಂಬಲಕ್ಕೆ ದೊರೆತ ಇನ್ನೊಂದು ವಾಹಕ. ಅಕ್ಷರ ಬಲ್ಲವರಿಗೆ ಮಾತ್ರ ಮೀಸಲಾಗಿದ್ದ ಜ್ಞಾನವನ್ನು ಅದು ಕಿವಿಯ ಮೂಲಕ ತಲುಪಿಸಬಲ್ಲುದಾಗಿತ್ತು. ಕವಿತೆ ಓದುವವರು, ಹಾಡುವವರು, ವಾದ್ಯ ನುಡಿಸುವವರು, ವಿಷಯವನ್ನು ಸರಳವಾಗಿ ವಿವರಿಸಬಲ್ಲವರು ಹೀಗೆ ಬಗೆಬಗೆಯ ಸಾಮರ್ಥ್ಯದವರಿಗೆ ಒಂದೇ ಧ್ವನಿವರ್ಧಕದ ಮುಂದೆ ಸ್ಥಾನ ದೊರೆಯಿತು. ಎರಡು ಅಂಶಗಳ ಸಿದ್ಧಾಂತದ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರಯೋಗಶಾಲೆ ಸಾಮಾನ್ಯ ಅಂಶವನ್ನು ಹುಡುಕಿತು, ಬಾನುಲಿ ವಿಶಿಷ್ಟ ಅಂಶಗಳಿಗೆ ಆಸರೆಯಾಯಿತು.

ವ್ಯಕ್ತಿಯೊಬ್ಬರ ಉತ್ಸಾಹ ಮತ್ತು ಸಾರ್ವಜನಿಕರ ನೆರವಿನಿಂದ ನಡೆದ ಕೇಂದ್ರ 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿತು. 1950ರ ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರ್ಕಾರದ ಪ್ರಸಾರ ಜಾಲಕ್ಕೆ ಒಳಪಟ್ಟು, 1955ರಲ್ಲಿ ಬೆಂಗಳೂರಿನ ನಿಲಯ ಆರಂಭವಾದಾಗ ಮೈಸೂರಿನ ಪ್ರಸಾರ ಅಲ್ಲಿಗೆ ವರ್ಗವಾಯಿತು. ಮೈಸೂರಿಗೆ ನಿಲಯ ಮರಳಿದ್ದು 1974ರಲ್ಲಿ. 1957ರಲ್ಲಿ ರಾಷ್ಟ್ರದ ಬಾನುಲಿ ಸೇವೆ ಆಕಾಶವಾಣಿ ಎಂಬ ಹೆಸರನ್ನು ಅಧಿಕೃತವಾಗಿ ಸ್ವೀಕರಿಸಿತು. ಗೋಪಾಲಸ್ವಾಮಿಯವರು ನಿಧನರಾದದ್ದೂ ಆ ವರ್ಷವೇ. 2023ರಲ್ಲಿ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಆಕಾಶವಾಣಿ ಎಂಬುದನ್ನೇ ಎಲ್ಲೆಡೆ ಬಳಸುವ ನಿರ್ಧಾರವಾದಾಗ, ಮೈಸೂರಿನ ಒಂದು ಮನೆಯಲ್ಲಿ ಮೊದಲು ಕೇಳಿಬಂದ ಹೆಸರು ದೇಶಕ್ಕೆಲ್ಲ ಏಕೈಕ ಹೆಸರಾಯಿತು.

ಸೃಜನಶೀಲತೆಯ ಅಧ್ಯಯನ ಮತ್ತು ಗೋಪಾಲಸ್ವಾಮಿ

ಮನಶ್ಶಾಸ್ತ್ರದಲ್ಲಿ ಸೃಜನಶೀಲತೆ ಸ್ವತಂತ್ರ ಸಂಶೋಧನಾ ಕ್ಷೇತ್ರವಾಗಿ ರೂಪುಗೊಂಡದ್ದು ಗೋಪಾಲಸ್ವಾಮಿಯವರ ಬದುಕಿನ ಕೊನೆಯ ವರ್ಷಗಳಲ್ಲಿ. 1950ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಭಾಷಣದಲ್ಲಿ ಜೆ. ಪಿ. ಗಿಲ್‌ಫರ್ಡ್ ಅವರು, ಅದುವರೆಗಿನ ಸುಮಾರು 1,21,000 ಸಂಶೋಧನಾ ಶೀರ್ಷಿಕೆಗಳಲ್ಲಿ ಕೇವಲ 186 ಮಾತ್ರ ಸೃಜನಶೀಲತೆಗೆ ಸಂಬಂಧಿಸಿದ್ದವೆಂದು ಲೆಕ್ಕಹಾಕಿ ತೋರಿಸಿದರು. ಒಂದೇ ಸರಿಯುತ್ತರವನ್ನು ಹುಡುಕುವ ಚಿಂತನೆ ಒಂದು ಬಗೆಯದು, ಹಲವು ಉತ್ತರಗಳ ಕಡೆಗೆ ಹರಡಿಕೊಳ್ಳುವ ಚಿಂತನೆ ಇನ್ನೊಂದು ಬಗೆಯದು ಎಂಬುದು ಅವರ ವಿಂಗಡಣೆ. ಇ. ಪಾಲ್ ಟಾರೆನ್ಸ್ ಇದೇ ದಾರಿಯಲ್ಲಿ ಮಕ್ಕಳ ಸೃಜನಶೀಲತೆಯ ಪರೀಕ್ಷೆಗಳನ್ನು ರೂಪಿಸಿ 1966ರಲ್ಲಿ ಪ್ರಕಟಿಸಿದರು. ಶಾಲೆಯ ನಾಲ್ಕನೆಯ ತರಗತಿಯ ಹೊತ್ತಿಗೆ ಹಲವು ಮಕ್ಕಳ ಸೃಜನಶೀಲತೆ ಕುಗ್ಗುವುದನ್ನು ಅವರು ಗುರುತಿಸಿದ್ದು ಶಿಕ್ಷಣ ಕ್ಷೇತ್ರದಲ್ಲಿ ಕಳವಳ ಮೂಡಿಸಿತು. ಭಾರತದಲ್ಲಿ ಬಾಕರ್ ಮೆಹದಿ ಅವರ ಸೃಜನಶೀಲತೆಯ ಪರೀಕ್ಷೆಗಳು 1973ರಲ್ಲಿ ಬಂದವು. 1983ರಲ್ಲಿ ಹೊವರ್ಡ್ ಗಾರ್ಡ್‌ನರ್ ಬುದ್ಧಿಶಕ್ತಿ ಒಂದಲ್ಲ, ಹಲವು ಎಂದು ವಾದಿಸಿದರು.

ಈ ಬೆಳವಣಿಗೆಗಳನ್ನು ಗೋಪಾಲಸ್ವಾಮಿಯವರು ಮುಂಗಂಡಿದ್ದರೆಂದು ಸಾಧಿಸಹೊರಡುವುದು ಅತ್ಯುಕ್ತಿಯಾದೀತು. ಅವರ ಶಾಸ್ತ್ರೀಯ ತರಬೇತಿ ಏಕ ಸಾಮಾನ್ಯ ಶಕ್ತಿಯನ್ನು ನಂಬಿದ ಪಂಥದ್ದು. ಆದರೆ ಅವರು ಕಟ್ಟಿದ ಸಂಸ್ಥೆಗಳು ಆ ಸಿದ್ಧಾಂತದ ಗಡಿಯನ್ನು ದಾಟಿ ಹೋದವು. ಶಿಶುವಿಹಾರದ ಮಗುವಿನ ಆಟವಾಗಲಿ ಬಾನುಲಿಯ ಹಾಡಾಗಲಿ ಅಂಕಿಗೆ ಇಳಿಯುವಂಥವಲ್ಲ. ಸಿದ್ಧಾಂತಕ್ಕಿಂತ ಕಾರ್ಯ ವಿಶಾಲವಾಗಿದ್ದುದೇ ಅವರ ಬದುಕಿನ ವಿಶೇಷ.

ಅವರ ಸಾಧನೆಗೆ ಮಿತಿಗಳೂ ಇದ್ದವು. ಅವರ ಸಂಶೋಧನಾ ಲೇಖನಗಳು ಇಂಗ್ಲಿಷಿನಲ್ಲಿವೆ. ಮನಶ್ಶಾಸ್ತ್ರ ಕನ್ನಡದ ಓದುಗರಿಗೆ ಆಪ್ತವಾದದ್ದು ಮುಂದೆ ಡಾ. ಎಂ. ಶಿವರಾಂ ಅವರಂಥ ಲೇಖಕರಿಂದ. ಅವರ ಮನಮಂಥನ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ರೇಡಿಯೋ ಕೊಳ್ಳಬಲ್ಲ ಮನೆಗಳು ಕೆಲವೇ ಆಗಿದ್ದ ಕಾಲದಲ್ಲಿ ಬಾನುಲಿಯ ವ್ಯಾಪ್ತಿಯೂ, ನಗರದ ಶಿಶುವಿಹಾರದ ವ್ಯಾಪ್ತಿಯೂ ಸಹಜವಾಗಿಯೇ ಕಿರಿದಾಗಿದ್ದವು.

ತಂತಮ್ಮ ಮಾತಿನ ಬಳಕೆಯಲ್ಲಿ ಈ ನಾಡಿನ ಸಾಮಾನ್ಯ ಜನರೂ ನಿಪುಣರು, ಎಳೆಯ ಮಕ್ಕಳಿಗೂ ವಿವೇಕವುಂಟು ಎಂಬ ಆಶಯ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಇದೆ. ಪ್ರತಿಭೆ ಕೆಲವರ ಸೊತ್ತಲ್ಲ ಎಂಬ ಈ ನಂಬಿಕೆಗೆ ಆಧುನಿಕ ಕಾಲದಲ್ಲಿ ಸಂಸ್ಥೆಗಳ ರೂಪ ಕೊಡಲು ಯತ್ನಿಸಿದವರ ಸಾಲಿನಲ್ಲಿ ಗೋಪಾಲಸ್ವಾಮಿಯವರನ್ನು ಇರಿಸಬಹುದು. ಅವರ ನಿಧನದ ಮೂರು ವರ್ಷಗಳ ತರುವಾಯ ಕುವೆಂಪು ಅವರ ಕನಸಿನ ಮಾನಸಗಂಗೋತ್ರಿ ಆರಂಭವಾಯಿತು. ಮುಂದೆ ನಗರದ ಬಡಾವಣೆಯೊಂದು ಕವಿಯ ಹೆಸರಿನಿಂದ ಕುವೆಂಪುನಗರವಾಯಿತು. ಆ ಕವಿಯ ದನಿಯನ್ನು ಮೊದಲು ಗಾಳಿಗೆ ಒಪ್ಪಿಸಿದ ಪ್ರಾಧ್ಯಾಪಕರ ನೆನಪು ನಗರದಲ್ಲಿ ಉಳಿದಿರುವುದು ಮಕ್ಕಳ ಶಾಲೆಯೊಂದರ ಹೆಸರಿನಲ್ಲಿ ಮತ್ತು ಬಾನುಲಿಯ ಚರಿತ್ರೆಯಲ್ಲಿ. ಮನಶ್ಶಾಸ್ತ್ರದ ಚರಿತ್ರೆಯಲ್ಲಿಯೂ ಕನ್ನಡ ಶಿಕ್ಷಣದ ಚರಿತ್ರೆಯಲ್ಲಿಯೂ ಅವರಿಗೆ ಸಲ್ಲಬೇಕಾದ ಸ್ಥಾನವನ್ನು ಗುರುತಿಸಿದಾಗ, ಮಕ್ಕಳನ್ನು ಅಳೆಯುವ ಉತ್ಸಾಹ ಎಲ್ಲೆ ಮೀರಿರುವ ಇಂದಿನ ಶಾಲೆಗಳಿಗೂ ಅವರ ಬದುಕು ಒಂದು ಪಾಠವಾಗುತ್ತದೆ. ಅಳತೆಗೋಲನ್ನು ಬಲ್ಲ ವಿದ್ವಾಂಸರೊಬ್ಬರು ತಮ್ಮ ದುಡಿಮೆಯ ದೊಡ್ಡ ಪಾಲನ್ನು ಅಳತೆಗೆ ಸಿಗದ ಶಕ್ತಿಗಳ ಪೋಷಣೆಗೆ ಮೀಸಲಿಟ್ಟರು ಎಂಬುದೇ ಆ ಪಾಠದ ಸಾರ.